ಕೆಟ್ಟ ಕಾಲವೋ, ಕೆಟ್ಟ ಹವೆಯೋ?

ಪಿಎಚ್.ಡಿ.ಯ ಎರಡನೇ ವರ್ಷದಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಈ ಬರಹ ಹುಟ್ಟಿತು. ಮಲಬಾರ್ ತೀರದಿಂದ ಫ್ರೆಂಚ್ ವರ್ತಕನೊಬ್ಬ 18ನೇ ಶತಮಾನದಲ್ಲಿ ಬರೆದ ಪತ್ರವನ್ನು ಓದುತ್ತಿದ್ದೆ. ಹಡಗು ಹೊರಡದಿದ್ದುದಕ್ಕೆ ಅವನು ಕೊಟ್ಟ ಕಾರಣ ಎರಡೇ ಪದ: ‘ಮೊವೆ ತಾಂ’. ಮೊವೆ ಎಂದರೆ ಕೆಟ್ಟ, ತಾಂ ಎಂದರೆ ಕಾಲ. ‘ಕೆಟ್ಟ ಕಾಲ’ ಎಂದು ಅನುವಾದಿಸಿ, ಅದರ ಮೇಲೆ ಯುದ್ಧ, ಸಾಲ, ಪೈಪೋಟಿ ಎಂದು ಒಂದೂವರೆ ಪುಟದ ವಿಶ್ಲೇಷಣೆ ಕಟ್ಟಿದೆ. ನನ್ನ ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು ಒಂದೇ ಪ್ರಶ್ನೆ: “ಪತ್ರದ ತಾರೀಖು ನೋಡಿದಿರಾ?”

ಅದು ಜುಲೈ ತಿಂಗಳು. ಫ್ರೆಂಚಿನಲ್ಲಿ ತಾಂ ಎಂದರೆ ಕಾಲವೂ ಹೌದು, ಹವೆಯೂ ಹೌದು. ಆ ವರ್ತಕ ಹೇಳಿದ್ದು ಇಷ್ಟೇ: ಮಳೆ ಗಾಳಿ ಜೋರಾಗಿದೆ.

ನಾಚಿಕೆಯ ಜೊತೆಗೆ ಕುತೂಹಲವೂ ಹುಟ್ಟಿತು. ಸ್ಪ್ಯಾನಿಷಿನ ತಿಯೆಂಪೊ, ಇಟಾಲಿಯನ್ನಿನ ತೆಂಪೊ, ಪೋರ್ಚುಗೀಸಿನ ತೆಂಪು ಎಲ್ಲವೂ ಈ ಎರಡು ಅರ್ಥಗಳನ್ನು ಹೊತ್ತಿವೆ. ಸ್ಪ್ಯಾನಿಷಿನಲ್ಲಂತೂ ‘ಚಳಿಯಾಗುತ್ತಿದೆ’ ಎನ್ನಲೂ ‘ಎರಡು ವರ್ಷದ ಹಿಂದೆ’ ಎನ್ನಲೂ ‘ಆಸೆ’ ಎಂಬ ಒಂದೇ ಕ್ರಿಯಾಪದ ಸಾಕು.

ಇವೆಲ್ಲದರ ಮೂಲ ಲ್ಯಾಟಿನ್ನಿನ ತೆಂಪುಸ್. ಆದರೆ ಹಳೆಯ ಲ್ಯಾಟಿನ್ನಿನಲ್ಲಿ ತೆಂಪುಸ್ ಮುಖ್ಯವಾಗಿ ಕಾಲ, ತಕ್ಕ ಸಮಯ. ಹವೆಗೆ ಅದರಿಂದಲೇ ಹುಟ್ಟಿದ ತೆಂಪೆಸ್ತಾಸ್ ಎಂಬ ಪದವಿತ್ತು. ಅದೂ ಮೊದಲು ಒಂದು ಅವಧಿ, ಒಂದು ಋತು ಎಂಬ ಅರ್ಥದ್ದು, ಆಮೇಲೆ ಒಳ್ಳೆಯ ಅಥವಾ ಕೆಟ್ಟ ಹವೆ, ಕೊನೆಗೆ ಬಿರುಗಾಳಿ. ಕ್ರಿ.ಪೂ. 259ರಲ್ಲಿ ರೋಮಿನ ಕಾನ್ಸಲ್ ಆಗಿದ್ದ ಲೂಸಿಯಸ್ ಕಾರ್ನೀಲಿಯಸ್ ಸಿಪಿಯೊ ಕಾರ್ಸಿಕಾ ದ್ವೀಪವನ್ನು ಗೆದ್ದು, ತೆಂಪೆಸ್ತಾತೆಸ್ ಎಂಬ ಹವೆಯ ದೇವತೆಗಳಿಗೆ ಗುಡಿ ಕಟ್ಟಿಸಿದ. ಅವನ ಸಮಾಧಿ ಶಾಸನದಲ್ಲಿ ಇವೆರಡೂ ಒಟ್ಟಿಗೇ ದಾಖಲಾಗಿವೆ.

ಮುಂದೆ ತೆಂಪೆಸ್ತಾಸ್‌ನ ಅರ್ಥ ಬಿರುಗಾಳಿಗಷ್ಟೇ ಸಂಕುಚಿತಗೊಂಡಿತು. ಫ್ರೆಂಚಿನ ‘ತಾಂಪೆತ್’, ಇಟಾಲಿಯನ್ನಿನ ‘ತೆಂಪೆಸ್ತಾ’ ಇಂದಿಗೂ ಬಿರುಗಾಳಿಯೇ. ದಿನನಿತ್ಯದ ಹವೆಯ ಅರ್ಥವನ್ನು ತೆಂಪುಸ್ ವಹಿಸಿಕೊಂಡಿತು.

ರೊಮೇನಿಯನ್ ಭಾಷೆಯ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ಲ್ಯಾಟಿನ್ ಮೂಲದ ‘ತಿಂಪ್’ ಇದೆ. ಸ್ಲಾವಿಕ್ ಭಾಷೆಗಳಿಂದ ಎರವಲು ಬಂದ ‘ವ್ರೆಮೆ’ಯೂ ಇದೆ. ಆ ಎರವಲು ಪದಕ್ಕೂ ಕಾಲ, ಹವೆ ಎಂಬ ಎರಡೂ ಅರ್ಥಗಳಿವೆ. ಅಂದರೆ ಈ ಬೆಸುಗೆ ಲ್ಯಾಟಿನ್ ಮನೆತನದ ಸೊತ್ತಷ್ಟೇ ಅಲ್ಲ. ಉಳುವವರಿಗೂ ಕಡಲಿಗಿಳಿಯುವವರಿಗೂ ಕಾಲ ತಿಳಿಯುತ್ತಿದ್ದುದೇ ಆಕಾಶದಿಂದ ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ.

ನಮ್ಮ ಕಡಲಲ್ಲೂ ಇಂಥದ್ದೇ ನಡೆಯಿತು. ಅರಬ್ಬಿಯ ‘ಮೌಸಿಮ್’ ಎಂದರೆ ಋತು, ನಿಗದಿಯಾದ ಸಮಯ. 16ನೇ ಶತಮಾನದ ಪೋರ್ಚುಗೀಸ್ ನಾವಿಕರ ಬಾಯಲ್ಲಿ ಅದು ‘ಮೊನ್ಸಾಂವ್’ ಆಯಿತು. ಅಲ್ಲಿಂದ ಇಂಗ್ಲಿಷಿನ ‘ಮಾನ್ಸೂನ್’. ಲಿಸ್ಬನ್ನಿನಿಂದ ಮಾರ್ಚ್, ಏಪ್ರಿಲ್ ಹೊತ್ತಿಗೆ ಹೊರಟ ಹಡಗಿಗೆ ನೈಋತ್ಯ ಮಾರುತ ಸಿಗುತ್ತಿತ್ತು. ತಡವಾದರೆ ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಹೀಗೆ ಸಮಯದ ಹೆಸರು ಗಾಳಿಯ ಹೆಸರಾಯಿತು, ಕೊನೆಗೆ ಮಳೆಯ ಹೆಸರೂ ಆಯಿತು. ಅದೇ ಮೌಸಿಮ್ ಹಿಂದಿಯಲ್ಲಿ ‘ಮೌಸಮ್’ ಆಗಿ ಹವೆಯೆಂಬ ಅರ್ಥವನ್ನೂ ಪಡೆಯಿತು.

ಹಾಗಾದರೆ ಕನ್ನಡಿಗನಾದ ನಾನು ಎಡವಿದ್ದೇಕೆ? ನಮ್ಮಲ್ಲೂ ಮಳೆಗಾಲ, ಚಳಿಗಾಲ ಇವೆ. ‘ಹೊತ್ತು’ ಎಂದರೆ ಸಮಯವೂ ಹೌದು, ಸೂರ್ಯನೂ ಹೌದು. ಹೊತ್ತು ಮುಳುಗುತ್ತದೆ, ಹೊತ್ತಾಗುತ್ತದೆ. ಆದರೆ ನಮ್ಮ ‘ಕಾಲ’ ಋತುವಿನವರೆಗೆ ಬಂದು ನಿಲ್ಲುತ್ತದೆ, ಇವತ್ತಿನ ಮೋಡದವರೆಗೆ ಬರುವುದಿಲ್ಲ. ‘ಕಾಲ ಕೆಟ್ಟುಹೋಯಿತು’ ಎಂದರೆ ನಮ್ಮಲ್ಲಿ ಯಾರೂ ಕೊಡೆ ಹುಡುಕುವುದಿಲ್ಲ. ಮಕ್ಕಳು ಮಾತು ಕೇಳುತ್ತಿಲ್ಲವೇನೋ ಎಂದುಕೊಳ್ಳುತ್ತಾರೆ. ಫ್ರೆಂಚ್ ಪದವನ್ನು ನಾನು ಕನ್ನಡದ ಕಿವಿಯಿಂದ ಕೇಳಿದ್ದೆ.

ಒಂದೂವರೆ ಪುಟವನ್ನು ಹೊಡೆದುಹಾಕಿದೆ. ಆಮೇಲೆ ಉಳಿದ ಪತ್ರಗಳನ್ನೆಲ್ಲ ತಿಂಗಳ ಪ್ರಕಾರ ಜೋಡಿಸಿಕೊಂಡು ಮತ್ತೆ ಮೊದಲಿನಿಂದ ಓದತೊಡಗಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಡಗು ನಿಂತಿದ್ದರೆ, ಕಾರಣಕ್ಕಾಗಿ ಈಗ ಮೊದಲು ಆಕಾಶವನ್ನೇ ನೋಡುತ್ತೇನೆ. ಯುದ್ಧ, ಸಾಲಗಳ ಮಾತು ಆಮೇಲೆ.