ಕಾರ್ಪೆಟ್ಟಿನಡಿಯ ಡಬ್ಬ

1992ರಿಂದ 1995ರವರೆಗೆ ಅಮೆರಿಕದಲ್ಲಿ ಮಾರಾಟವಾದ ಹೋಂಡಾ ಸಿವಿಕ್ ಕಾರಿನಲ್ಲಿ, ಡ್ರೈವರ್ ಪಕ್ಕ ಕೂತವರ ಕಾಲಬುಡದ ಕಾರ್ಪೆಟ್ ಎತ್ತಿದರೆ ಒಂದು ಲೋಹದ ಡಬ್ಬ ಕಾಣುತ್ತದೆ. ಇಂಜಿನಿನ ಕಂಪ್ಯೂಟರ್, ಅಂದರೆ ಇಸಿಯು ಅದೇ. ಮೇಲೊಂದು ಚೀಟಿ. ಅದರಲ್ಲಿ 37820 ಎಂದು ಶುರುವಾಗುವ ನಂಬರು, ನಂಬರಿನ ಮಧ್ಯೆ ಪಿ06, ಪಿ28 ಎಂಬಂಥ ಒಂದು ಗುರುತು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ತೊಂಬತ್ತರ ದಶಕದಲ್ಲಿ ಈ ಚೀಟಿಯನ್ನು ಜಾತಕದ ಹಾಗೆ ಓದುತ್ತಿದ್ದರು. ಯಾವ ಡಬ್ಬ ಯಾವ ಇಂಜಿನಿಗೆ ಕೂಡಿ ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ.

ತಮಾಷೆಯೆಂದರೆ ಇಂಥ ಡಬ್ಬಗಳು ಕಾರಿನೊಳಗೆ ಬಂದದ್ದು ಓಟ ಹೆಚ್ಚಿಸುವುದಕ್ಕಲ್ಲ, ಹೊಗೆ ತಗ್ಗಿಸುವುದಕ್ಕೆ. ಲಾಸ್ ಏಂಜಲಿಸ್‌ನ ಆಕಾಶ ಹೊಗೆಯಿಂದ ಕಂದಾದ ಮೇಲೆ ಅಮೆರಿಕದಲ್ಲಿ ನಿಯಮಗಳು ಬಿಗಿಯಾಗುತ್ತಾ ಹೋದವು. ಬೆಂಗಳೂರಿಗರು ‘ಮೈಕೋ’ ಹೆಸರಿನಲ್ಲಿ ಬಲ್ಲ ಜರ್ಮನಿಯ ಬಾಷ್ ಕಂಪನಿ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ ಒದಗಿಸಿದ್ದರ ಹಿಂದೆಯೂ ಈ ಒತ್ತಡವಿತ್ತು. ಹೋಂಡಾ ಮಾತ್ರ ಕೆಲಕಾಲ ಬೇರೆ ದಾರಿ ಹಿಡಿಯಿತು. ಅದರ ಸಿವಿಸಿಸಿ ಇಂಜಿನು 1975ರ ಸಿವಿಕ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಪರೀಕ್ಷೆ ಪಾಸಾಗಿ ದೊಡ್ಡ ದೊಡ್ಡ ಕಂಪನಿಗಳ ಮುಖ ಸಪ್ಪಗಾಗಿಸಿತು. ಆಮೇಲೆ ಹೋಂಡಾಕ್ಕೂ ಕಂಪ್ಯೂಟರ್ ಬೇಕಾಯಿತು.

1989ರಲ್ಲಿ ಜಪಾನಿನಲ್ಲಿ ಹೋಂಡಾದ್ದೇ ಇಂಟೆಗ್ರಾ ಕಾರಿನೊಂದಿಗೆ ವಿಟೆಕ್ ಎಂಬ ವಾಲ್ವು ತಂತ್ರ ಬಂತು. 1.6 ಲೀಟರಿನ ಇಂಜಿನು, ಟರ್ಬೊ ಇಲ್ಲ, ಶಕ್ತಿ 160 ಅಶ್ವಬಲ. ಲೀಟರಿಗೆ ನೂರು! ಒಂದೇ ಕ್ಯಾಮ್‌ಶಾಫ್ಟಿನಲ್ಲಿ ನಿಧಾನಕ್ಕೆ ಒಂದು ಉಬ್ಬು, ವೇಗಕ್ಕೆ ಇನ್ನೊಂದು. ಆಯಿಲ್ ಒತ್ತಡದಿಂದ ಸಣ್ಣದೊಂದು ಪಿನ್ನು ಸರಿದು ರಾಕರ್‌ಗಳನ್ನು ಕೂಡಿಸಿದರೆ ವಾಲ್ವುಗಳು ದೊಡ್ಡ ಉಬ್ಬಿನ ತಾಳಕ್ಕೆ ಕುಣಿಯತೊಡಗುತ್ತವೆ. ಆ ಆಯಿಲನ್ನು ಯಾವಾಗ ಬಿಡಬೇಕೆಂದು ತೀರ್ಮಾನಿಸುವುದು ಡಬ್ಬ. ಅಲ್ಲಿಂದ ಮುಂದೆ ಇಂಜಿನು ಬದಲಿಸಿ ಡಬ್ಬ ಬದಲಿಸದಿದ್ದರೆ ಸೋಲು ಖಚಿತ.

ಸಿವಿಕ್‌ನ ಗುಟ್ಟು ಅದರ ಮನೆತನದಲ್ಲಿತ್ತು. 1992ರ ಸಿವಿಕ್‌ನ ಅಗ್ಗದ ಸಿಎಕ್ಸ್‌ಗೆ 70 ಅಶ್ವಬಲ, ಡಿಎಕ್ಸ್‌ಗೆ 102, ವಿಟೆಕ್ ಇದ್ದ ಎಸ್ಐಗೆ 125. ಮೂರಕ್ಕೂ ಮೈಕಟ್ಟು ಒಂದೇ. 1994ರ ಇಂಟೆಗ್ರಾ ಜಿಎಸ್-ಆರ್‌ನ 170 ಅಶ್ವಬಲದ ಇಂಜಿನನ್ನೂ ಸಿವಿಕ್‌ನ ಬಾನೆಟ್ಟಿನೊಳಗೆ ಹೆಚ್ಚು ತಕರಾರಿಲ್ಲದೆ ಕೂರಿಸಬಹುದಿತ್ತು. ಡಬ್ಬಗಳ ಪ್ಲಗ್ಗುಗಳೂ ಹೊಂದುತ್ತಿದ್ದವು. ವಿಟೆಕ್‌ಗೆಂದು ನಾಲ್ಕಾರು ತಂತಿ ಹೊಸದಾಗಿ ಎಳೆದರೆ ಅರ್ಧ ಯುದ್ಧ ಗೆದ್ದಂತೆ. ಜಪಾನಿನಲ್ಲಿ ಹಳೆಯ ಕಾರುಗಳ ಕಡ್ಡಾಯ ತಪಾಸಣೆ ದುಬಾರಿಯಾದ್ದರಿಂದ ಇನ್ನೂ ಓಡುತ್ತಿದ್ದ ಕಾರುಗಳೇ ಗುಜರಿ ಸೇರುತ್ತಿದ್ದವು. ಅವುಗಳ ಮುಂಭಾಗವನ್ನು ಕೊಯ್ದು, ಇಂಜಿನು, ಗೇರ್‌ಬಾಕ್ಸು, ಡಬ್ಬ ಸಮೇತ ಅಮೆರಿಕಕ್ಕೆ ಹೋಗುವ ಹಡಗಿಗೆ ಹೇರುತ್ತಿದ್ದರು.

ಹೋಂಡಾದ ಅಮೆರಿಕದ ಕಚೇರಿ ಲಾಸ್ ಏಂಜಲಿಸ್ ಬಳಿಯ ಗಾರ್ಡೀನಾದಲ್ಲಿತ್ತು, ಆಮೇಲೆ ಟೊರೆನ್ಸ್‌ಗೆ ಹೋಯಿತು. ಇಂಜಿನು, ಡಬ್ಬ ಬದಲಿಸುವ ಈ ಗೀಳು ಹಬ್ಬಿದ್ದೂ ಅದೇ ಸುತ್ತಿನ ಏಷ್ಯಾ ಮೂಲದ ಹುಡುಗರಲ್ಲಿ. 1990ರಲ್ಲಿ ಪಾಮ್‌ಡೇಲ್‌ನ ಡ್ರ್ಯಾಗ್ ಟ್ರ್ಯಾಕಿನಲ್ಲಿ ಫ್ರಾಂಕ್ ಚೋಯ್ ‘ಬ್ಯಾಟಲ್ ಆಫ್ ದಿ ಇಂಪೋರ್ಟ್ಸ್’ ಏರ್ಪಡಿಸಿದಾಗ ಅವರಿಗೆ ತಮ್ಮದೇ ಒಂದು ಜಾತ್ರೆ ಸಿಕ್ಕಂತಾಯಿತು. ಜಗತ್ತಿಗೆಲ್ಲ ಸುದ್ದಿ ತಿಳಿದದ್ದು 2001ರ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಸಿನಿಮಾದಿಂದ. ಅದರಲ್ಲಿ ಲಾರಿ ದೋಚುವ ಕಪ್ಪು ಕಾರುಗಳೂ ಸಿವಿಕ್‌ಗಳೇ.

ಈ ಕೆಲಸವನ್ನು ಹತ್ತಿರದಿಂದ ನೋಡಬೇಕು. ಡಿಎಕ್ಸ್‌ನ ಪಿ06 ಡಬ್ಬವನ್ನೂ ಎಸ್ಐನ ಪಿ28 ಡಬ್ಬವನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟರೆ ಒಳಗಿನ ಹಸಿರು ಹಲಗೆ ಹೆಚ್ಚುಕಡಿಮೆ ಒಂದೇ. ಪಿ06ರಲ್ಲಿ ವಿಟೆಕ್‌ನ ಬಿಡಿಭಾಗ ಕೂರಬೇಕಾದ ಜಾಗಗಳು ಖಾಲಿ, ಅಷ್ಟೇ. ಕಂಪನಿ ಉಳಿಸಿದ್ದ ನಾಲ್ಕು ಕಾಸಿನ ಭಾಗಗಳನ್ನು ಬೆಸುಗೆ ಹಾಕಿ ಹುಡುಗರು ಪಿ06 ಅನ್ನೇ ಪಿ28 ಮಾಡಿಬಿಟ್ಟರು. ಚಿಪ್ಪಿನ ಕಥೆಯೂ ಹಾಗೆಯೇ. ಹಲಗೆಯ ಮೇಲೆ 28 ಕಾಲಿನ ಚಿಪ್ಪಿಗೆ ತೂತುಗಳಿದ್ದವು, ಚಿಪ್ಪು ಇರಲಿಲ್ಲ. ಅಲ್ಲೊಂದು ಸಾಕೆಟ್ಟು, ಪಕ್ಕದಲ್ಲಿ ಇನ್ನೊಂದು ಸಣ್ಣ ಐಸಿ, ಜೆ1 ಎಂದು ಬರೆದ ಕಡೆ ತುಂಡು ತಂತಿ ಹಾಕಿದರೆ, ಡಬ್ಬ ತನ್ನ ಪಾಠ ಬಿಟ್ಟು 32 ಕಿಲೋಬೈಟಿನ ಹೊಸ ಚಿಪ್ಪಿನ ಪಾಠ ಒಪ್ಪಿಸತೊಡಗುತ್ತಿತ್ತು. ಎಷ್ಟು ಪೆಟ್ರೋಲು, ಕಿಡಿ ಯಾವಾಗ, ವಿಟೆಕ್ ಯಾವ ಆರ್‌ಪಿಎಂಗೆ, ಎಲ್ಲಿ ಕಡಿವಾಣ, ಎಲ್ಲವೂ ಅದರಲ್ಲಿ ಕೋಷ್ಟಕಗಳಾಗಿ ಇರುತ್ತಿದ್ದವು. ಚಿಪ್ಪಿನ ನೆತ್ತಿಯಲ್ಲಿ ಪುಟ್ಟ ಗಾಜಿನ ಕಿಟಕಿ. ಅದಕ್ಕೆ ಅತಿನೇರಳೆ ಬೆಳಕು ಬಿಟ್ಟರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಮೇಲೆ ಸ್ಟಿಕ್ಕರ್ ಅಂಟಿಸುವುದು ರೂಢಿ.

ತಪ್ಪಾದರೆ ಡಬ್ಬ ಸುಮ್ಮನಿರುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಎರಡು ಪಿನ್ನಿನ ಕನೆಕ್ಟರ್ ಇತ್ತು. ಅದಕ್ಕೆ ಪೇಪರ್ ಕ್ಲಿಪ್ ಸಿಕ್ಕಿಸಿ ಕೀ ತಿರುಗಿಸಿದರೆ ಚೆಕ್ ಇಂಜಿನ್ ದೀಪ ಮಿಟುಕುತ್ತದೆ. ಉದ್ದದ ಮಿಟುಕು ಹತ್ತು, ಗಿಡ್ಡದ್ದು ಒಂದು. ಎರಡು ಉದ್ದ, ಒಂದು ಗಿಡ್ಡ ಬಂದರೆ ವಿಟೆಕ್ ಸೊಲೆನಾಯ್ಡಿನ ದೂರು. ಇಂಜಿನು ಮುಟ್ಟದೆ ಚಿಪ್ಪು ಮಾತ್ರ ಬದಲಿಸಿ ಹುಲಿಯಾಗುತ್ತೇವೆಂದು ಹೊರಟವರಿಗೆ ಸಿಕ್ಕಿದ್ದು ಅಲ್ಪ. ಕಾರ್ಖಾನೆಯವರು ಅಷ್ಟೇನೂ ಬಿಟ್ಟಿರಲಿಲ್ಲ. ಪೆಟ್ರೋಲು ತೀರಾ ಕಡಿಮೆ ಮಾಡಿದವರ ಪಿಸ್ಟನ್ನೇ ಕರಗಿದ್ದುಂಟು.

1996ರಿಂದ ಅಮೆರಿಕದ ಹೊಸ ಕಾರುಗಳಿಗೆಲ್ಲ ಒಬಿಡಿ-2 ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆ ಕಡ್ಡಾಯವಾಯಿತು. ಹೊಗೆ ಹೆಚ್ಚಾದರೆ ತಾನೇ ಚಾಡಿ ಹೇಳುವ ಈ ಡಬ್ಬಗಳ ಒಳಹೊಕ್ಕು ಚಿಪ್ಪು ಬದಲಿಸುವುದು ಕಷ್ಟ. ಹುಡುಗರು ಹಿಂದಕ್ಕೆ ನಡೆದರು: ಪ್ಲಗ್ಗು ಹೊಂದಿಸುವ ತುಂಡು ವೈರಿಂಗ್ ಮಾಡಿಸಿ, ಹೊಸ ಸಿವಿಕ್‌ಗೆ 1992ರ ಪಿ28 ಜೋಡಿಸಿದರು. ಗುಜರಿ ಅಂಗಡಿಯ ಆ ಡಬ್ಬಕ್ಕೆ ಬೇಡಿಕೆ ಬಂದದ್ದು ಹೀಗೆ.

ಕಾನೂನು ಇದನ್ನು ಒಪ್ಪುವುದಿಲ್ಲ. ಹೊಗೆ ನಿಯಂತ್ರಣ ಕೆಡಿಸುವುದು ಅಮೆರಿಕದ ಶುದ್ಧ ವಾಯು ಕಾಯ್ದೆಗೆ ವಿರುದ್ಧ. ಕ್ಯಾಲಿಫೋರ್ನಿಯಾದಲ್ಲಿ ಇಂಜಿನು ಬದಲಿಸಲು ಅವಕಾಶವಿದೆ, ಆದರೆ ಅದು ಕಾರಿನಷ್ಟೇ ಅಥವಾ ಅದಕ್ಕಿಂತ ಹೊಸ ಮಾದರಿಯದ್ದಾಗಿರಬೇಕು, ಹೊಗೆ ಸಲಕರಣೆಯೆಲ್ಲ ಜೊತೆಗಿರಬೇಕು, ಸರ್ಕಾರ ನೇಮಿಸಿದ ರೆಫರಿ ಒಪ್ಪಬೇಕು. ಸನಿವೇಲ್‌ನಲ್ಲೋ ಫ್ರೀಮಾಂಟ್‌ನಲ್ಲೋ ಹಳೆಯ ಸಿವಿಕ್ ಡಿಎಕ್ಸ್ ಕೊಳ್ಳಲು ಹೊರಟ ಕನ್ನಡಿಗರು ಬಣ್ಣ ನೋಡುವ ಮೊದಲು ಕಾರ್ಪೆಟ್ ಎತ್ತಲಿ. ಚೀಟಿಯಲ್ಲಿ ಪಿ28 ಎಂದಿದ್ದರೆ ರೆಫರಿಯ ಕಾಗದ ಕೇಳಲಿ.