ಬೆಳ್ತಂಗಡಿ ಲೈನಿನ ಜೀಪು ಮತ್ತು ಟೈರ್ ಉಜ್ಜುವ ಶಬ್ದ

ಈಗ ನೀವು ಕೇಳಿದ 'ಗರ್‌ರ್' ಅನ್ನುವ ಶಬ್ದ ಉಂಟಲ್ಲ, ಅದು ನಮ್ಮ ಜೀಪಿನ ಮುಂದಿನ ಎಡಗಡೆ ಟೈರಿನದ್ದು. ದಿಡುಪೆ ಕಡೆಯ ದಾರಿಯಲ್ಲಿ ಒಂದು ಮೋರಿ ಇಳಿದು ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದು. ಹೆಡ್‌ಫೋನ್ ಹಾಕಿದವರಿಗೆ ಹಲ್ಲು ಜುಮ್ಮೆಂದಿದ್ರೆ ಕ್ಷಮಿಸಿ.

ಜೀಪು ನಮ್ಮ ಮೂವರದ್ದು. ಬಂಟ್ವಾಳದವ ಒಬ್ಬ, ಮೂಡುಬಿದಿರೆಯವ ಒಬ್ಬ, ಮತ್ತೆ ನಾನು. ಸೆಕೆಂಡ್ ಹ್ಯಾಂಡ್ ಮಹೀಂದ್ರ ಎಂಎಂ 540. ನಾನು ಬಿಕಾಂ ಆದ್ದರಿಂದ ಲೆಕ್ಕ ಬರೆಯುವ ಕೆಲಸ ನನಗೆ ಬಿತ್ತು. ತಗೊಂಡ ಎರಡನೇ ತಿಂಗಳಿಗೇ 31 ಇಂಚಿನ ಅಗಲ ಟೈರು ಹಾಕಿಸಿದೆವು. ಟೈರು ಬಾಡಿಗೆ ತಾಗ್ತದೆ ಅಂತ ಗೊತ್ತಾದಾಗ ಒಂದು ಗ್ಯಾರೇಜಿನಲ್ಲಿ ಉದ್ದದ ಶಾಕಲ್ ಹಾಕಿ ಜೀಪನ್ನು ಎತ್ತರ ಮಾಡಿಸಿದೆವು. ನೋಡ್ಲಿಕ್ಕೆ ಭಾರಿ ಲಾಯ್ಕ್ ಕಾಣ್ತಿತ್ತು. ಆದ್ರೆ ಶಬ್ದ ಹೋಗ್ಲಿಲ್ಲ.

ಎತ್ತರ ಮಾಡಿದ ಮೇಲೂ ಯಾಕೆ ತಾಗ್ತದೆ? ಇದನ್ನು ಕೇಳ್ತಾ ಹೋದಾಗ ನಾನು ನಮ್ಮ ತಾಲೂಕುಗಳ ಜೀಪಿನ ಚರಿತ್ರೆಯೊಳಗೆ ಬಿದ್ದೆ. ಇವತ್ತಿನ ಎಪಿಸೋಡು ಅದು.

ಮೊದಲಿಗೆ ಜೀಪು ಹುಟ್ಟಿದ್ದು. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಎಂಬಿ ತಯಾರಾಯಿತು. ವಿಲ್ಲೀಸ್ ಮತ್ತು ಫೋರ್ಡ್ ಎರಡೂ ಕಂಪೆನಿ ಸೇರಿ ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ಅದರ ಟೈರಿನ ಅಳತೆ 6.00-16. ಅಂದ್ರೆ 16 ಇಂಚಿನ ರಿಮ್ಮಿಗೆ ಸುಮಾರು 6 ಇಂಚು ಅಗಲದ, ನಿಲ್ಲಿಸಿದರೆ ಹೆಚ್ಚುಕಡಿಮೆ 28 ಇಂಚು ಎತ್ತರದ ಸಪೂರ ಟೈರು. ಮಡ್ಗಾರ್ಡು, ಸ್ಟೇರಿಂಗ್ ತಿರುಗುವ ಕೋನ, ಕಮಾನು ಪ್ಲೇಟಿಗೂ ಚಕ್ರಕ್ಕೂ ನಡುವಿನ ಜಾಗ, ಎಲ್ಲವೂ ಈ ಸಪೂರ ಟೈರಿನ ಲೆಕ್ಕಕ್ಕೆ ಮಾಡಿದ್ದು. ಈ ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಭಾರತಕ್ಕೆ ಅದು ಬಂದ ಕತೆ ಕಾಮರ್ಸ್‌ನವರಿಗೆ ಇಷ್ಟ ಆಗುವಂಥದ್ದು. 1945ರ ಅಕ್ಟೋಬರ್ 2ರಂದು ಲುಧಿಯಾನದಲ್ಲಿ ಶುರುವಾದ ಕಂಪೆನಿಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ವ್ಯಾಪಾರ ಉಕ್ಕಿನದ್ದು. ದೇಶ ವಿಭಜನೆ ಆದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋದರು, ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ ಉಳಿದ ಕಂಪೆನಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಪಾರ್ಟ್‌ನರ್‌ಶಿಪ್ ಡೀಡಿನಲ್ಲಿ ಇಂಥ ನಿವೃತ್ತಿಗೆ ಯಾವ ಕ್ಲಾಸ್ ಅನ್ವಯ ಆಗ್ತದೋ! ಆ ದಶಕದ ಕೊನೆಗೆ ವಿಲ್ಲೀಸ್‌ನ ಬಿಡಿಭಾಗ ತರಿಸಿ ಬೊಂಬಾಯಿಯಲ್ಲಿ ಜೋಡಿಸಲು ಶುರು ಮಾಡಿದರು. ಮುಂದೆ ಎತ್ತರ ಬಾನೆಟ್ಟಿನ ಸಿಜೆ 3ಬಿ ಬಂತು, ನಾವು 'ಹಳೇ ಜೀಪು' ಅಂದ ಕೂಡಲೇ ಕಣ್ಣಿಗೆ ಬರುವುದು ಅದೇ. ಆಮೇಲೆ ಪ್ಯೂಜೋ ಡೀಸೆಲ್ ಎಂಜಿನ್ನಿನ ನಮ್ಮ 540.

ಆಗ ನಮ್ಮ ಊರು ಹೇಗಿತ್ತು? 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಮುಟ್ಟಿದರೆ ಅದು ಮೈಸೂರು. ಘಾಟಿಯ ಬುಡದ ಊರುಗಳಿಗೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ. ಮುರಕಲ್ಲಿನ ಮಣ್ಣುದಾರಿ, ಅಲ್ಲಲ್ಲಿ ಹಳ್ಳ, ಸೇತುವೆ ಇಲ್ಲ. ಬಸ್ಸು ದೊಡ್ಡ ದಾರಿಯಲ್ಲೇ ನಿಂತು ಬಿಡ್ತಿತ್ತು, ಅಲ್ಲಿಂದ ಒಳಗೆ ಹೋಗ್ಲಿಕ್ಕೆ ಸರ್ವಿಸ್ ಜೀಪು. ಬೆಳ್ತಂಗಡಿ, ಉಜಿರೆ, ನಾರಾವಿ ಕಡೆಯವರಿಗೆ ಸರ್ವಿಸ್ ಜೀಪು ಅಂದ್ರೆ ಏನೂಂತ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳೂದಾದ್ರೆ: ತುಂಬಿದ ಮೇಲೆ ಹೊರಡುವುದು. ತುಂಬಿತು ಅನ್ನುವುದನ್ನು ತೀರ್ಮಾನ ಮಾಡುವವ ಡ್ರೈವರ್.

ನನ್ನ ಮಾವ ಆ ಲೈನಿನಲ್ಲಿ ಬಹಳ ವರ್ಷ ಜೀಪು ಓಡಿಸಿದವರು. ಟೈರ್ ಉಜ್ಜುವ ಶಬ್ದ ಅವರಿಗೆ ನಮಗಿಂತ ಮೊದಲೇ ಪರಿಚಯ. ಅವರ ಕಾರಣ ಬೇರೆ. ಟೈರು ಕಂಪೆನಿಯದ್ದೇ, ಆದ್ರೆ ಹಿಂದೆ ಅಡಿಕೆ ಮೂಟೆ, ಮೇಲೆ ಬಾಳೆಗೊನೆ, ಒಳಗೆ ಶಾಲೆ ಮಕ್ಕಳು, ಫುಟ್‌ಬೋರ್ಡಲ್ಲಿ ನಾಲ್ಕು ಜನ. ಕಮಾನು ಚಪ್ಪಟೆ ಆಗಿ ಬಾಡಿಯೇ ಟೈರಿನ ಮೇಲೆ ಕೂತು ಬಿಡ್ತಿತ್ತು. ಅದಕ್ಕೆ ಇವರು ಮಾಡಿಸ್ತಿದ್ದದ್ದು ಎರಡು ಕೆಲಸ. ಪ್ಲೇಟ್ ಬಿಚ್ಚಿ, ಬಡಿಸಿ, ಕಮಾನನ್ನು ಮತ್ತೆ ಎಬ್ಬಿಸುವುದು. ಇಲ್ಲಾಂದ್ರೆ ಒಂದೆರಡು ಪ್ಲೇಟು ಜಾಸ್ತಿ ಹಾಕುವುದು. "ಖಾಲಿ ಜೀಪಲ್ಲಿ ಕೂತ್ರೆ ಸೊಂಟ ಮುರೀತಿತ್ತು, ಅದಕ್ಕೇ ಯಾವತ್ತೂ ಖಾಲಿ ಓಡಿಸ್ಲಿಲ್ಲ" ಅಂತಾರೆ ಮಾವ.

ಇಲ್ಲಿ ಒಂದು ಸಣ್ಣ ಅಡ್ಡದಾರಿ. ಈ ಕಮಾನು ಪ್ಲೇಟು ಮಾಡುವ ಕಾರ್ಖಾನೆಯೇ ನಮ್ಮ ಮಂಗಳೂರಿನಲ್ಲಿ ಇತ್ತು, ಕೆನರಾ ವರ್ಕ್‌ಶಾಪ್ಸ್. ಅದರ ಹಿಂದಿದ್ದವರು ವಾಮನ ಕುಡ್ವ. ಇದೇ ಕುಡ್ವರು 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ ಮತ್ತು ಡಾ. ಟಿ.ಎಂ.ಎ. ಪೈ ಜೊತೆ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದವರು. ಬಂಡವಾಳ 8000 ರೂಪಾಯಿ. ಪಿಗ್ಮಿ ಹೆಸರಲ್ಲಿ ದಿನದಿನದ ಚಿಲ್ಲರೆ ಕೂಡಿಸಿದ ಆ ಬ್ಯಾಂಕೇ ಸಿಂಡಿಕೇಟ್ ಬ್ಯಾಂಕ್, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನೊಳಗೆ ಸೇರಿತು. ಬ್ಯಾಂಕಿನ ಚರಿತ್ರೆಯನ್ನು ನಮಗೆ ಕಾಲೇಜಲ್ಲಿ ಕಲಿಸಿದ್ರು. ಕಮಾನಿನದ್ದನ್ನು ಯಾರೂ ಹೇಳ್ಲಿಲ್ಲ.

ಸರಿ, ನಮ್ಮ ಜೀಪಿಗೆ ಬರುವ. ಮಾವ ನಮ್ಮನ್ನು ಮೂಡುಬಿದಿರೆ ಹತ್ತಿರದ ಒಬ್ಬ ಹಳೇ ಮೇಸ್ತ್ರಿ ಹತ್ರ ಕಳಿಸಿದರು. ಸರ್ವಿಸ್ ಜೀಪುಗಳ ಕಾಲದಿಂದ ಇದೇ ಕೆಲಸ ಮಾಡಿದವರು. ಅವರು ಜೀಪಿನ ಎತ್ತರ ನೋಡ್ಲೇ ಇಲ್ಲ. "ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸು ಮಾರಾಯ" ಅಂದ್ರು. ಅಡಿಗೆ ನುಗ್ಗಿದರು. ಐದು ನಿಮಿಷ ಮಾತೇ ಇಲ್ಲ. ಆಮೇಲೆ ನನ್ನನ್ನೂ ಕರೆದರು.

ಟೈರಿನ ಒಳಅಂಚು ಕಮಾನು ಪ್ಲೇಟನ್ನು ಉಜ್ಜಿ ಬೆಳ್ಳಿ ಹಾಗೆ ಹೊಳೆಸಿತ್ತು. ಅದು ಹೋಗ್ಲಿ, ಅದರ ಪಕ್ಕ ಬ್ರೇಕಿನ ರಬ್ಬರ್ ಹೋಸ್. ಮೇಲಿನ ಪದರ ಸವೆದು ಒಳಗಿನ ನೂಲು ಕಾಣ್ತಿತ್ತು. ನಾವು ಮೂವರು ಅದೇ ಜೀಪಿನಲ್ಲಿ ಹಿಂದಿನ ವಾರ ಚಾರ್ಮಾಡಿ ಇಳಿದಿದ್ದೆವು. "ನಾವು ಕೆಲಸ ಕಲಿಯುವಾಗ ಜೀಪಿಗೆ ಬ್ರೇಕ್ ಲೈನ್ ಒಂದೇ, ಒಂದು ಕಡೆ ಹೋಸ್ ಒಡೆದ್ರೆ ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ. ಹಾಗಾಗಿ ಮೊದಲು ನೋಡುವುದು ಇದನ್ನೇ" ಅಂದ್ರು ಮೇಸ್ತ್ರಿ. ನನಗೆ ಮಾತು ಹೊರಡ್ಲಿಲ್ಲ.

ಅವರು ಬಿಡಿಸಿ ಹೇಳಿದ್ದು ಇಷ್ಟು. ಟೈರು ಉಜ್ಜುವುದರಲ್ಲಿ ಎರಡು ಜಾತಿ ಉಂಟು, ಜನ ಎರಡನ್ನೂ ಒಂದೇ ಅಂತ ತಿಳೀತಾರೆ.

ಒಂದು, ತಿರುಗಿಸುವಾಗ ಕಮಾನಿಗೆ ಉಜ್ಜುವುದು. 6 ಇಂಚಿನ ಜಾಗದಲ್ಲಿ ಹತ್ತೂವರೆ ಇಂಚಿನ ಟೈರು ಕೂರಿಸಿದ್ದೇವೆ. ರಿಮ್ಮಿನ ನಡುಗೆರೆ ಅಲ್ಲೇ ಇದ್ದರೆ ಒಳಗೆ ಎರಡೂಕಾಲು ಇಂಚು ಜಾಸ್ತಿ ಬಂದ ಹಾಗೆ. ಚಕ್ರ, ಆಕ್ಸಲ್, ಕಮಾನು ಮೂರೂ ಒಟ್ಟಿಗೇ ಇರುವಂಥವು. ಬಾಡಿಯನ್ನು ಆಕಾಶಕ್ಕೆ ಎತ್ತಿದರೂ ಇವುಗಳ ನಡುವಿನ ಜಾಗ ಒಂದು ಕೂದಲಷ್ಟೂ ಹೆಚ್ಚುವುದಿಲ್ಲ. ಇದಕ್ಕೆ ಮದ್ದು ಆಕ್ಸಲ್ ತುದಿಯಲ್ಲಿರುವ ಸ್ಟಾಪ್ ಬೋಲ್ಟ್. ಅದನ್ನು ಹೊರಗೆ ತಿರುಗಿಸಿದಷ್ಟೂ ಸ್ಟೇರಿಂಗ್ ಮೊದಲೇ ನಿಲ್ತದೆ. ಇಲ್ಲಾಂದ್ರೆ ಚಕ್ರ ಹೊರಗೆ ಕೂರುವಂಥ ರಿಮ್ ಹಾಕ್ಬೇಕು, ಆಗ ಬೇರಿಂಗಿಗೆ ಪೆಟ್ಟು.

ಎರಡು, ಗುಂಡಿಗೆ ಬಿದ್ದಾಗ ಮಡ್ಗಾರ್ಡಿಗೆ ಉಜ್ಜುವುದು. ನಾವು ಶಾಕಲ್ ಎರಡು ಇಂಚು ಉದ್ದ ಮಾಡಿದ್ದೆವು. ಕಮಾನಿನ ಒಂದು ತುದಿ ಮಾತ್ರ ಇಳಿಯುವುದರಿಂದ ಜೀಪು ಎತ್ತರ ಆದದ್ದು ಒಂದೇ ಇಂಚು. ಅದೂ ನಿಂತಲ್ಲಿ. ದೊಡ್ಡ ಗುಂಡಿಯಲ್ಲಿ ಕಮಾನು ಪೂರ್ತಿ ಅಮುಕಿದಾಗ ಆಕ್ಸಲ್ ಹೋಗಿ ನಿಲ್ಲುವುದು ಬಂಪ್ ಸ್ಟಾಪ್ ಅನ್ನುವ ರಬ್ಬರಿನ ತುಂಡಿಗೆ. ಶಾಕಲ್ ಎಷ್ಟೇ ಉದ್ದ ಇರಲಿ, ರಬ್ಬರು ಹಳೇ ಜಾಗದಲ್ಲೇ ಇದ್ದರೆ ಟೈರು ಮೊದಲು ಎಲ್ಲಿಯವರೆಗೆ ಏರ್ತಿತ್ತೋ ಅಲ್ಲಿಗೇ ಏರ್ತದೆ. 28ರ ಬದಲು 31 ಅಂದ್ರೆ ಟೈರಿನ ತಲೆ ಒಂದೂವರೆ ಇಂಚು ಮೇಲೆ. ಅಷ್ಟನ್ನು ರಬ್ಬರಿಗೆ ಸೇರಿಸ್ಬೇಕು.

ಮೇಸ್ತ್ರಿ ಇದನ್ನು ಬಾಯಲ್ಲಿ ಹೇಳಿ ಬಿಡ್ಲಿಲ್ಲ. ಕಮಾನಿನಲ್ಲಿ ಮೇನ್ ಪ್ಲೇಟ್ ಒಂದನ್ನೇ ಬಿಟ್ಟು ಉಳಿದ ಪ್ಲೇಟುಗಳನ್ನೆಲ್ಲ ತೆಗೆದರು. ಆಕ್ಸಲ್ ಅಡಿಗೆ ಜಾಕ್ ಇಟ್ಟು ನಿಧಾನ ಎತ್ತಿದರು. ಚಪ್ಪಟೆ ಆಗುವಾಗ ಕಮಾನು ಉದ್ದ ಆಗ್ತದೆ, ಹಾಗಾಗಿ ಚಕ್ರ ಮೇಲೆ ಹೋಗುವುದರ ಜೊತೆ ಹಿಂದೆ ಮುಂದೆಯೂ ಸರಿಯುವುದು ಕಣ್ಣಿಗೇ ಕಂಡಿತು. ಪ್ರತಿ ಇಂಚಿಗೂ ಸ್ಟೇರಿಂಗ್ ಈ ಕಡೆ ಆ ಕಡೆ ತಿರುಗಿಸಿ, ತಾಗುವಲ್ಲಿ ಚಾಕ್‌ಪೀಸಿನ ಗುರುತು. ಆಮೇಲೆ ಕೆಳಗೆ ಇಳಿಸಿ, ಚಕ್ರ ಪೂರ್ತಿ ನೇತಾಡುವಾಗ ಹೋಸ್ ಎಳೆಯುತ್ತದಾ ಅಂತ ಪರೀಕ್ಷೆ. ಎಳೀತಿತ್ತು.

ಕೊನೆಗೆ ಆದ ಕೆಲಸ: ಬಂಪ್ ಸ್ಟಾಪಿಗೆ ಒಂದೂವರೆ ಇಂಚಿನ ತುಂಡು, ಎರಡೂ ಬದಿಯ ಸ್ಟಾಪ್ ಬೋಲ್ಟ್ ಹೊರಗೆ, ಹೊಸ ಉದ್ದದ ಹೋಸ್ ಮತ್ತು ಅದಕ್ಕೆ ಟೈರಿನಿಂದ ದೂರ ಹಿಡಿಯುವ ಕ್ಲಿಪ್ಪು. ಶಾಕಲ್ ಉದ್ದ ಮಾಡಿದ್ದರಿಂದ ಆಕ್ಸಲ್ ಸ್ವಲ್ಪ ಮಗುಚಿ ಸ್ಟೇರಿಂಗ್ ತೇಲ್ತಿತ್ತು, ಅದಕ್ಕೆ ಆಕ್ಸಲಿಗೂ ಕಮಾನಿಗೂ ನಡುವೆ ಆಪಿನ ಆಕಾರದ ಕಬ್ಬಿಣ. ಮೋರಿಯಲ್ಲಿ ಮತ್ತೆ ಇಳಿಸಿ ನೋಡಿದೆವು. ಶಬ್ದ ಇಲ್ಲ!

ಆದ್ರೆ ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ಜೀಪು ಒಂದೇ ಸಲಕ್ಕೆ ತಿರುಗ್ಲಿಲ್ಲ. ಸ್ಟಾಪ್ ಬೋಲ್ಟಿನ ಬೆಲೆ ಅದು. ಹಿಂದೆ ಬಸ್ಸು ಹಾರ್ನ್ ಹಾಕ್ತಿರುವಾಗ ರಿವರ್ಸ್ ತಗೊಂಡು ಮತ್ತೆ ತಿರುಗಿಸ್ಬೇಕು. ಮಾವ ಪಕ್ಕದಲ್ಲಿ ಕೂತಿದ್ರು. ಒಂದೂ ಮಾತಾಡ್ಲಿಲ್ಲ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವವರೆಗೆ. ಆಮೇಲೆ ಹೇಳಿದ್ದು: "ನಾವು ಹೊಟ್ಟೆಪಾಡಿಗೆ ಪ್ಲೇಟ್ ಹಾಕಿದ್ದು. ನಿಮ್ಗೆ ಎಂತಕ್ಕೆ?"

ಇನ್ನೊಂದು ವಿಷಯ ಕಾನೂನಿನದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ, 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ತೋಟದೊಳಗಿನ ಆಟ ಬೇರೆ, ಬಿ.ಸಿ. ರೋಡಿನ ಸರ್ಕಲ್ ಬೇರೆ. ಮೂಡುಬಿದಿರೆಯ ಗೆಳೆಯ ಇದನ್ನು ಒಪ್ಪುವುದಿಲ್ಲ. ಈಗ 2020ರ ಥಾರ್ ಕಂಪೆನಿಯಿಂದಲೇ 31 ಇಂಚಿನ ಹತ್ತಿರದ ಟೈರು ಹಾಕಿಕೊಂಡು ಬರ್ತದಲ್ಲ, ನಾವು ಹಾಕಿದ್ರೆ ತಪ್ಪೇನು ಅಂತ ಅವನ ವಾದ. 255/65 ಆರ್18 ಅನ್ನುವುದನ್ನು ಲೆಕ್ಕ ಹಾಕಿ ನೋಡಿದೆ, ಹೌದು, 31 ಇಂಚೇ. ಆದ್ರೆ ಆ ಗಾಡಿಯನ್ನು ಆ ಟೈರಿನ ಸುತ್ತಲೇ ಕಟ್ಟಿದ್ದು, ಕಾಯಿಲ್ ಸ್ಪ್ರಿಂಗು, ಬಂಪ್ ಸ್ಟಾಪು ಎಲ್ಲ ಅದೇ ಲೆಕ್ಕಕ್ಕೆ. ನಮ್ಮದನ್ನು ಕಟ್ಟಿದ್ದು 1941ರ ಸಪೂರ ಟೈರಿನ ಸುತ್ತ.

ಮತಕ್ಕೆ ಹಾಕಿದಾಗ ಎರಡಕ್ಕೆ ಒಂದು. ಶಾಕಲ್ ಹಳೇದೇ ಬಂತು, ಟೈರು 6.00-16 ಬಂತು, ಆಪು ಬಿಚ್ಚಿದೆವು, ಬೋಲ್ಟನ್ನೂ ಮೊದಲಿನ ಜಾಗಕ್ಕೆ ತಂದೆವು. ಲೆಕ್ಕಪುಸ್ತಕದಲ್ಲಿ 'ನಷ್ಟ' ಅಂತ ಬರೆಯುವಾಗ ಗೆಳೆಯ ಇಣುಕಿ ನೋಡಿ 'ಟ್ಯೂಷನ್ ಫೀಸ್' ಅಂತ ತಿದ್ದಿದ. ನಾನು ಮತ್ತೆ ಹೊಡೆದು ಹಾಕಿದೆ.

ಹಾಂ, ಆ 31 ಇಂಚಿನ ನಾಲ್ಕು ಟೈರು ಮಾರ್ಲಿಕ್ಕೆ ಉಂಟು. ಯಾರಿಗಾದ್ರೂ ಬೇಕಾದ್ರೆ ಹೇಳಿ. ಬರುವ ಮೊದಲು ನಿಮ್ಮ ಗಾಡಿಯ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಟಾರ್ಚ್ ಹಿಡ್ಕೊಂಡು ಬ್ರೇಕ್ ಹೋಸ್ ಒಮ್ಮೆ ನೋಡಿ ಬನ್ನಿ.