ಲುಂಪಿಯಾದ ಒಳಗೇನಿದೆ?

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಜನರಿಗೆ ಫಿಲಿಪ್ಪೀನಿಗಳು ಅಪರಿಚಿತರಲ್ಲ. ಆಸ್ಪತ್ರೆಯಲ್ಲಿ ದಾದಿಯಾಗಿ, ಅಂಗಡಿಯಲ್ಲಿ ಸಹೋದ್ಯೋಗಿಯಾಗಿ, ಪಕ್ಕದ ಕೋಣೆಯ ನೆರೆಯವರಾಗಿ ಅವರು ಸಿಕ್ಕೇ ಸಿಗುತ್ತಾರೆ. ಅವರ ಸಂತೋಷಕೂಟಕ್ಕೆ ಹೋದರೆ ತಟ್ಟೆ ತುಂಬ ಒಂದು ತಿಂಡಿ ಇರುತ್ತದೆ. ಬೆರಳಿನಷ್ಟು ದಪ್ಪ, ಹೊಂಬಣ್ಣ, ಕಚ್ಚಿದರೆ ಗರಿಗರಿ. ಹೆಸರು ಲುಂಪಿಯಾ. ಕೈ ಚಾಚುವ ಮೊದಲು ನಮ್ಮವರು ಕೇಳುವ ಪ್ರಶ್ನೆ ಒಂದೇ: ಒಳಗೇನಿದೆ? ಹೆಚ್ಚಾಗಿ ಒಳಗಿರುವುದು ಹಂದಿಮಾಂಸ. ಅಲ್ಲಿಗೆ ಮಾತು ಮುಗಿಯುತ್ತದೆ.

ಆದರೆ ಈ ಪ್ರಶ್ನೆಯನ್ನು ಅಲ್ಲಿಗೇ ಬಿಡಬಾರದೆಂದು ನಮಗನಿಸಿತು. ಆ ತೆಳು ಹಾಳೆಯೊಳಗೆ ಮಾಂಸ ಮಾತ್ರವಲ್ಲ, ನಾಲ್ಕು ಶತಮಾನಗಳ ಜಗಳ ಮತ್ತು ಸಹವಾಸ ಎರಡೂ ಸುತ್ತಿಕೊಂಡಿವೆ.

ಲುಂಪಿಯಾ ಎಂಬ ಪದ ಫಿಲಿಪ್ಪೀನ್ಸಿನದಲ್ಲ. ಅದು ದಕ್ಷಿಣ ಚೀನಾದ ಫುಜಿಯಾನ್ ಪ್ರಾಂತ್ಯದ ಹೊಕ್ಕಿಯನ್ ಭಾಷೆಯದು. ಮೆತ್ತಗಿನ, ತೇವವಾದ ರೊಟ್ಟಿ ಎಂಬುದು ಅದರ ಅರ್ಥ. ಅಲ್ಲಿ ಇದನ್ನು ಕರಿಯದೆ, ಬೇಯಿಸಿದ ತರಕಾರಿ ತುಂಬಿಸಿ ಹಾಗೆಯೇ ಸುತ್ತಿ ತಿನ್ನುತ್ತಾರೆ. ಫುಜಿಯಾನ್ ಎಂದೊಡನೆ ಕ್ವಾನ್‌ಝೌ ಬಂದರನ್ನು ನೆನೆಯದಿರಲಾಗದು. ಅರಬ್ ವರ್ತಕರು ಝೈತೂನ್ ಎಂದು ಕರೆದ, 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಿಳಿದ ಊರು ಅದೇ. ಅಲ್ಲಿಯ ಕಲ್ಲಿನ ಮಸೀದಿ 11ನೇ ಶತಮಾನದ್ದು. ಆ ಕರಾವಳಿಯ ವರ್ತಕರೂ ಕುಶಲಕರ್ಮಿಗಳೂ ಹಡಗು ಹತ್ತಿ ಹೋದ ಕಡೆಗೆಲ್ಲ ಈ ರೊಟ್ಟಿಯೂ ಹೋಯಿತು.

ಮನಿಲಾ ಆಗ ಮುಸ್ಲಿಮರ ಊರಾಗಿತ್ತೆಂದರೆ ಹಲವರಿಗೆ ಅಚ್ಚರಿಯಾದೀತು. ಬ್ರುನೈ ಸುಲ್ತಾನರೊಡನೆ ನಂಟು ಹೊಂದಿದ್ದ ರಾಜಾ ಸುಲೈಮಾನ್ ಅಲ್ಲಿ ಆಳುತ್ತಿದ್ದ. 1571ರಲ್ಲಿ ಸ್ಪೇನಿನ ಲೆಗಾಸ್ಪಿ ಆ ಊರನ್ನು ವಶಪಡಿಸಿಕೊಂಡು ವಸಾಹತಿನ ರಾಜಧಾನಿ ಮಾಡಿದ. ಗ್ರಾನಡಾ ಪತನವಾಗಿ ಆಗಿನ್ನೂ 79 ವರ್ಷ. ಸ್ಪೇನಿನಲ್ಲಿ ಮುಸ್ಲಿಮರನ್ನು ಕರೆಯುತ್ತಿದ್ದ ‘ಮೋರೊ’ ಎಂಬ ಹೆಸರನ್ನೇ ಇಲ್ಲಿಯವರಿಗೂ ಅಂಟಿಸಿದರು. ಉಪ್ಪು ಹಾಕದೆ ಬೇಯಿಸಿದ ಅನ್ನಕ್ಕೂ ‘ಮೊರಿಸ್ಕೆತ’ ಎಂಬ ಹೆಸರು ಬಿತ್ತು. ಏಷ್ಯಾದ ಜನರು ಉಣ್ಣುವ ಅನ್ನವೂ ಅವರ ಕಣ್ಣಿಗೆ ಮೂರರ ಅನ್ನವಾಗಿ ಕಂಡಿತು!

ಮೆಕ್ಸಿಕೋದ ಬೆಳ್ಳಿ ಬೇಕೆಂದು ಚೀನೀಯರು ಬಂದರು, ರೇಷ್ಮೆ ಬೇಕೆಂದು ಸ್ಪೇನಿನವರು ಅವರನ್ನು ಬರಗೊಟ್ಟರು. ಆದರೆ ಕೋಟೆಯೊಳಗೆ ಜಾಗ ಕೊಡಲಿಲ್ಲ. ಗೋಡೆಯ ಹೊರಗೆ, ಫಿರಂಗಿಯ ಗುಂಡು ತಲಪುವ ಅಂತರದಲ್ಲಿ ಪಾರಿಯಾನ್ ಎಂಬ ಕೇರಿ ಕಟ್ಟಿಸಿದರು. 1590ರಲ್ಲಿ ಬಿಷಪ್ ಸಲಜಾರ್ ಸ್ಪೇನಿನ ದೊರೆಗೆ ಬರೆದ ಪತ್ರದಲ್ಲಿ ಈ ಕೇರಿಯ ವಿವರವಿದೆ. ಚೀನಾದಿಂದ ತಂದ ಗೋಧಿಹಿಟ್ಟಿನಲ್ಲಿ ರೊಟ್ಟಿ ಸುಡುವವರು ಅಲ್ಲಿದ್ದರು. ಚೀನೀಯರೂ ಸ್ಥಳೀಯರೂ ಉಣ್ಣುವ ಊಟದ ಮನೆಗಳಿದ್ದವು, ಅಲ್ಲಿಗೆ ಸ್ಪೇನಿನವರೂ ಹೋಗುತ್ತಾರಂತೆ ಎಂದೂ ಬಿಷಪ್ ಬರೆದಿದ್ದಾನೆ. ಗೋಧಿ ಬೆಳೆಯದ ನಾಡಿನಲ್ಲಿ ಗೋಧಿಹಿಟ್ಟಿನ ತಿಂಡಿ ಬೇರೂರಿದ್ದು ಇಂತಹ ಒಲೆಗಳಿಂದ.

ಒಟ್ಟಿಗೆ ಉಂಡವರು ಒಟ್ಟಿಗೆ ಬಾಳಿದರೆ? ಇಲ್ಲ. 1603ರ ಮೇ ತಿಂಗಳಲ್ಲಿ ಚೀನಾದಿಂದ ಮೂವರು ಅಧಿಕಾರಿಗಳು ಬಂದರು. ಕವೀತೆ ಎಂಬಲ್ಲಿ ಚಿನ್ನದ ಬೆಟ್ಟವಿದೆಯಂತೆ, ನೋಡಬೇಕು ಎಂದರು. ಬೆಟ್ಟ ಇರಲಿಲ್ಲ, ಅವರು ಮರಳಿದರು. ಆದರೆ ಚೀನಾ ದಂಡೆತ್ತಿ ಬರಲಿದೆ, ಪಾರಿಯಾನಿನವರು ಒಳಗಿನಿಂದ ಬಾಗಿಲು ತೆರೆಯಲಿದ್ದಾರೆ ಎಂಬ ಗುಲ್ಲು ಹಬ್ಬಿತು. ಸಂಶಯ ಎರಡೂ ಕಡೆ ಬೆಳೆಯಿತು. ತಮ್ಮನ್ನು ಕೊಲ್ಲುತ್ತಾರೆಂಬ ಭಯದಲ್ಲಿ ಅಕ್ಟೋಬರಿನಲ್ಲಿ ಚೀನೀಯರು ದಂಗೆಯೆದ್ದರು. ಸ್ಪೇನಿನವರು, ಅವರ ಜೊತೆ ಸೇರಿದ ಸ್ಥಳೀಯರು ಮತ್ತು ಅಲ್ಲಿದ್ದ ಜಪಾನೀಯರು ಕೆಲವೇ ವಾರಗಳಲ್ಲಿ ಸುಮಾರು 20,000 ಚೀನೀಯರನ್ನು ಕೊಂದರು. ಒಂದು ಸಮುದಾಯದ ನಿಷ್ಠೆಯನ್ನು ಗುಲ್ಲಿನ ತಕ್ಕಡಿಯಲ್ಲಿ ತೂಗಿದರೆ ಏನಾಗುತ್ತದೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.

ಆಮೇಲೆ ನಡೆದುದನ್ನು ಅಂದಿನ ಸ್ಪ್ಯಾನಿಷ್ ಅಧಿಕಾರಿ ಅಂತೋನಿಯೊ ದೆ ಮೊರ್ಗಾ ತನ್ನ 1609ರ ಗ್ರಂಥದಲ್ಲಿ ದಾಖಲಿಸಿದ್ದಾನೆ. ಯುದ್ಧ ಮುಗಿದೊಡನೆ ನಗರದ ಕಷ್ಟ ಆರಂಭವಾಯಿತು. ಕೆಲಸ ಮಾಡುವ ಚೀನೀಯರಿಲ್ಲ, ದವಸ ತರುವವರಿಲ್ಲ. ಎಷ್ಟು ಬೆಲೆ ಕೊಟ್ಟರೂ ತಿನ್ನಲು ಆಹಾರವಿಲ್ಲ, ಕಾಲಿಗೆ ಮೆಟ್ಟೂ ಇಲ್ಲ. ಕೆಲವೇ ವರ್ಷಗಳಲ್ಲಿ ಚೀನೀಯರನ್ನು ಮತ್ತೆ ಬರಗೊಡಲಾಯಿತು, ಪಾರಿಯಾನ್ ಮತ್ತೆ ಎದ್ದಿತು. 1639ರಲ್ಲಿ ಮತ್ತೆ ದಂಗೆ, ಮತ್ತೆ ಸಾವಿರಾರು ಹೆಣ. ಮತ್ತೆಯೂ ಅವರು ಬಂದರು. ಕ್ರೈಸ್ತರಾದ ಚೀನೀಯರಿಗಾಗಿ 1594ರಲ್ಲಿ ನದಿಯಾಚೆ ಸ್ಥಾಪಿಸಿದ ಬಿನೊಂದೊ ಇಂದಿಗೂ ಮನಿಲಾದ ಚೀನೀ ಪೇಟೆ. ಸ್ಥಳೀಯ ಹೆಣ್ಣುಗಳನ್ನು ಮದುವೆಯಾದ ಚೀನೀಯರ ಮನೆಗಳಲ್ಲಿ ಊಟ ಬದಲಾಯಿತು. ಲುಂಪಿಯಾದೊಳಗೆ ತೆಂಗಿನ ಮರದ ತಿರುಳು ಸೇರಿತು. ಬಾಳೆಹಣ್ಣು, ಹಲಸಿನ ತೊಳೆ ಸುತ್ತಿ ಸಕ್ಕರೆಯೊಡನೆ ಕರಿದರೆ ಅದು ತುರೊನ್ ಎನಿಸಿತು. ಎಲ್ಲರೂ ಬಲ್ಲ ಕರಿದ ಬಗೆಗೆ ‘ಲುಂಪಿಯಾಂಗ್ ಶಾಂಘಾಯ್’ ಎಂಬ ಹೆಸರು ಬಂತು. ಶಾಂಘಾಯ್ ನಗರಕ್ಕೂ ಅದಕ್ಕೂ ಸಂಬಂಧವಿಲ್ಲ, ನಮ್ಮ ಮೈಸೂರು ಬೋಂಡಾದಷ್ಟೂ ಇಲ್ಲ.

ನಮ್ಮ ಕಡೆಯವರೂ ಆ ಕಥೆಯಲ್ಲಿ ಒಮ್ಮೆ ಹಾದುಹೋಗಿದ್ದಾರೆ. 1762ರಲ್ಲಿ ಬ್ರಿಟಿಷರು ಮದ್ರಾಸಿನಿಂದ ಸಿಪಾಯಿಗಳನ್ನು ಒಯ್ದು ಮನಿಲಾ ಹಿಡಿದರು. 1764ರಲ್ಲಿ ಹಡಗು ಮರಳುವಾಗ ಕೆಲವು ಸಿಪಾಯಿಗಳು ಹತ್ತಲಿಲ್ಲ. ಕೈಂತಾ ಎಂಬ ಊರಿನಲ್ಲಿ ಮದುವೆಯಾಗಿ ನೆಲೆಸಿದರು.

ಇನ್ನು ಆ ಮೊದಲ ಪ್ರಶ್ನೆ. ಇದೇ ಲುಂಪಿಯಾ ಇಂಡೋನೇಶ್ಯಾದ ಸೆಮರಾಂಗ್ ನಗರವನ್ನೂ ಸೇರಿತು. ಹಂದಿಮಾಂಸದ ಸುರುಳಿ ಮಾರುತ್ತಿದ್ದ ಚೀನೀಯನೊಬ್ಬ, ಅಲ್ಲೇ ತಿಂಡಿ ಮಾರುತ್ತಿದ್ದ ಜಾವಾದ ಹೆಣ್ಣೊಬ್ಬಳನ್ನು ಮದುವೆಯಾದನೆಂದೂ ಇಬ್ಬರ ತಿಂಡಿಯೂ ಒಂದಾಯಿತೆಂದೂ ಅಲ್ಲಿಯವರು ಹೇಳುತ್ತಾರೆ. ಕಥೆ ಎಷ್ಟು ನಿಜವೋ, ತಿಂಡಿಯಂತೂ ಕಣ್ಣೆದುರಿಗಿದೆ: ಕಳಲೆ, ಮೊಟ್ಟೆ, ಕೋಳಿ, ಸಿಗಡಿ. ಫಿಲಿಪ್ಪೀನ್ಸಿನ ದಕ್ಷಿಣದ ಮಿಂದನಾವೊ ಮುಸ್ಲಿಮರೂ ಕೋಳಿ ಅಥವಾ ದನದ ಮಾಂಸದಲ್ಲೇ ಮಾಡುತ್ತಾರೆ. ಹಾಳೆ ಅದೇ, ಹೆಸರೂ ಅದೇ.

ಹಾಗಾಗಿ ಕಳೆದ ರಮಝಾನಿನಲ್ಲಿ ನಾವೂ ಮನೆಯಲ್ಲಿ ಮಾಡಿ ನೋಡಿದೆವು. ಅರ್ಧ ಕಿಲೋ ಕೋಳಿ ಕೈಮಾ, ತುರಿದು ನೀರು ಹಿಂಡಿದ ಒಂದು ಕ್ಯಾರೆಟ್, ಸಣ್ಣಗೆ ಹೆಚ್ಚಿದ ಈರುಳ್ಳಿ, ಈರುಳ್ಳಿ ಸೊಪ್ಪು, ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಉಪ್ಪು, ಒಂದು ಮೊಟ್ಟೆ. ಮಸಾಲೆ ಅಷ್ಟೇ, ಗರಂ ಮಸಾಲೆಗೆ ಕೈ ಹೋದೀತು, ತಡೆದುಕೊಳ್ಳಬೇಕು. ಸಮೋಸಾದಂತೆ ಹೂರಣವನ್ನು ಮೊದಲೇ ಬೇಯಿಸುವುದಿಲ್ಲ. ಹಸಿಯಾಗಿಯೇ ಸುತ್ತುವುದರಿಂದ ಸುರುಳಿ ಬೆರಳಿಗಿಂತ ದಪ್ಪವಾಗಬಾರದು, ಉರಿಯೂ ಮಧ್ಯಮವಾಗಿರಬೇಕು. ಇಲ್ಲವಾದರೆ ಹೊರಗೆ ಕೆಂಪಾಗಿ ಒಳಗೆ ಬೇಯದು. ಸಮೋಸಾ ಪಟ್ಟಿಯ ಅಗಲ ಸಾಲದು, ಚೌಕದ ಹಾಳೆಯೇ ಬೇಕು. ಅದನ್ನು ಒದ್ದೆ ಬಟ್ಟೆಯಡಿ ಇಡದಿದ್ದರೆ ಒಣಗಿ ಬಿರಿಯುತ್ತದೆ. ಎರಡೂ ಬದಿ ಮಡಚಿ, ಬಿಗಿಯಾಗಿ ಸುತ್ತಿ, ತುದಿಗೆ ಮೈದಾ ಅಂಟು.

ನಮ್ಮ ಮೊದಲ ನಾಲ್ಕು ಸುರುಳಿಗಳು ಎಣ್ಣೆಯಲ್ಲಿ ಬಿಚ್ಚಿಕೊಂಡವು, ಕ್ಯಾರೆಟ್ಟಿನ ನೀರು ಸರಿಯಾಗಿ ಹಿಂಡಿರಲಿಲ್ಲ. ಐದನೆಯದು ನಿಂತಿತು. ಜೊತೆಗೆ ತೆಂಗಿನ ವಿನೆಗರಿಗೆ ಬೆಳ್ಳುಳ್ಳಿ, ಹಸಿಮೆಣಸು ಜಜ್ಜಿ ಹಾಕಿಟ್ಟಿದ್ದೆವು. ಮಗ್ರಿಬ್ ಬಾಂಗ್ ಆಗುವ ಹೊತ್ತಿಗೆ ಮೂವತ್ತು ಸುರುಳಿಗಳು ತಟ್ಟೆಯಲ್ಲಿದ್ದವು, ನಮಾಝ್ ಮುಗಿಸಿ ಬರುವಷ್ಟರಲ್ಲಿ ಮಕ್ಕಳು ಎರಡನ್ನು ಉಳಿಸಿದ್ದರು.